ಒಂದು ಕಸುಬಿಗೆ ಒಂದು ಮಣೆ

ಹುಣಸೂರು
ಬಹುಧಾನ್ಯ ಸಂವತ್ಸರದ ಮಾಘ ಬಹುಳ ಬಿದಿಗೆ, ಸೋಮವಾರ

ಚಿ॥ ಸೌ॥ ಮಂಗಳಗೌರಿಗೆ ನಿನ್ನ ಅವ್ವ ವೀರಮ್ಮ ಮನಸಾರೆ ಹರಸಿ ಬರೆಯುವುದೇನೆಂದರೆ, ಮೊದಲು ಕೋಣೆಯ ಬಾಗಿಲು ಹಾಕಿಕೊ. ಕ್ಷೇಮ ಸಮಾಚಾರವೆಲ್ಲ ಕಾಗದದ ಕೊನೆಯಲ್ಲಿದೆ, ಅದನ್ನು ಬೇಕಾದರೆ ನಿನ್ನ ಅತ್ತೆಯವರ ಮುಂದೆ ಗಟ್ಟಿಯಾಗಿ ಓದು. ಇಲ್ಲಿಂದ ಅಲ್ಲಿಯವರೆಗಿನದು ನಿನ್ನೊಬ್ಬಳಿಗೆ.

ಬರುವ ಗುರುವಾರ ನಿನ್ನನ್ನು ಬಾಣಂತನಕ್ಕೆ ಕಳಿಸಿಕೊಡುವುದಾಗಿ ನಿನ್ನ ಮಾವನವರು ಹೇಳಿ ಕಳಿಸಿದ್ದಾರೆ. ಹೊಸ ಕಮಾನುಗಾಡಿಯಲ್ಲೇ ಕಳಿಸುತ್ತಾರಂತೆ. ಗೌರಿ, ಆ ಗಾಡಿಯನ್ನು ನೀನು ಹತ್ತಕೂಡದು. ನಿಮ್ಮ ರಾವಂದೂರಿನ ಬೀದಿ ದಾಟುವವರೆಗೆ, ಊರವರು ನೋಡಲಿ ಅಂತ ಒಂದು ಗಳಿಗೆ ಕೂತು ಇಳಿಯುತ್ತೇನೆ ಅನ್ನುವುದೂ ಬೇಡ. ಬೆನ್ನು ನೋವು ಅನ್ನು, ಹುಣಸೂರಿನವರೆಗೆ ಎತ್ತಿನ ಗಾಡಿಯ ಕುಲುಕಾಟಕ್ಕೆ ತಲೆ ಸುತ್ತುತ್ತದೆ ಅನ್ನು, ಏನಾದರೂ ಅನ್ನು. ಅಳಿಯಂದಿರ ಜೊತೆಗೆ ದೊಡ್ಡ ರಸ್ತೆಯವರೆಗೆ ನಿಮ್ಮ ಹಳೆಯ ಗಾಡಿಯಲ್ಲಿ ಬಂದು ಬಸ್ಸು ಹತ್ತು. ಪೇಟೆಯವಳ ಮಗಳಿಗೆ ಎಷ್ಟು ಕೊಬ್ಬು ಅಂತ ನಾಲ್ಕು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಅವರ ಬಾಯಿ ನೋಯುತ್ತದೆಯೇ ಹೊರತು ನಿನ್ನ ಸೊಂಟವಲ್ಲ.

ಅವ್ವನಿಗೇನು ಅರುಳುಮರುಳೇ, ಗಾಡಿ ತೆಗೆದುಕೊಳ್ಳಿ ಅಂತ ಮಾವನವರಿಗೆ ಹೇಳಿದವಳೇ ಅವಳಲ್ಲವೇ ಎಂದು ನೀನು ಕೇಳುತ್ತೀಯ. ಹೌದು, ನಾನೇ. ಅದಕ್ಕೇ ಈ ಕಾಗದ.

ನೀನು ಮದುವೆಯಾಗಿ ಹೋದ ಮೇಲೆ ಇಲ್ಲಿ ಹುಟ್ಟಿಕೊಂಡ ಒಂದು ಸಂಗತಿಯನ್ನು ನಿನಗೆ ಹೇಳಬೇಕು. ಪೇಟೆಯ ವರ್ತಕರು ಕೆಲವರು ಸೇರಿ ಕಸುಬಿನವರ ಕೂಟ ಎಂದು ಮಾಡಿಕೊಂಡಿದ್ದಾರೆ. ವಾರಕ್ಕೊಮ್ಮೆ ಬೆಳಿಗ್ಗೆ, ಅಂಗಡಿ ತೆರೆಯುವುದಕ್ಕೆ ಮುಂಚೆ, ಹೊಳೆಯ ಕಡೆಯ ಛತ್ರದ ಜಗಲಿಯಲ್ಲಿ ಮಣೆ ಹಾಕಿಕೊಂಡು ಕೂರುತ್ತಾರೆ. ಒಂದು ಕಸುಬಿಗೆ ಒಂದೇ ಮಣೆ. ಜವಳಿಯ ಮಣೆಯ ಮೇಲೆ ಶೆಟ್ಟರು ಕೂತ ಮೇಲೆ ಇನ್ನೊಬ್ಬ ಜವಳಿಯವನು ತಲೆ ಕೆಳಗಾಗಿ ನಿಂತರೂ ಒಳಗೆ ಬಿಡುವುದಿಲ್ಲ. ಬಟ್ಟೆ ಕೊಳ್ಳಲು ಬಂದವನು ಗಾಡಿ ಎಲ್ಲಿ ಒಳ್ಳೆಯದು ಎಂದು ಕೇಳಿದರೆ ಶೆಟ್ಟರು ಕೂಟದ ಗಾಡಿಯವರ ಕಡೆಗೇ ಕೈ ತೋರಿಸಬೇಕು. ಗಾಡಿಗೆ ಬಂದವನು ಬಸ್ಸಿನ ಹೊತ್ತು ಕೇಳಿದರೆ ಕೂಟದ ಬಸ್ ಏಜೆಂಟ್ ಸಾಹೇಬರ ಕಡೆಗೇ ಕಳಿಸಬೇಕು. ಒಡಹುಟ್ಟಿದ ತಮ್ಮನೇ ಎದುರಿಗೆ ಅಂಗಡಿ ಇಟ್ಟಿದ್ದರೂ ಅವನ ಕಡೆಗೆ ಬೆರಳೆತ್ತುವಂತಿಲ್ಲ. ಪ್ರತಿ ಕೂಟದಲ್ಲೂ ಒಬ್ಬೊಬ್ಬರಾಗಿ ಎದ್ದು, ಈ ವಾರ ಯಾರನ್ನು ಯಾರ ಬಳಿಗೆ ಕಳಿಸಿದೆ, ಹಿಂದೆ ಕಳಿಸಿದವರು ಕೊಂಡು ಏನೆಂದರು ಎಂದು ಎಲ್ಲರೆದುರು ಹೇಳಬೇಕು. ಮೊದಮೊದಲು ಇದೆಲ್ಲ ಗಂಡಸರ ಹೊತ್ತು ಹೋಗದ ಆಟ ಎಂದು ನಾನೂ ನಕ್ಕಿದ್ದೆ.

ನಗು ನಿಂತದ್ದು ಬಸ್ ನಿಲ್ದಾಣದ ಮಗ್ಗುಲಿಗೆ ಹೊಸ ಹೋಟೆಲು ಬಂದಮೇಲೆ. ಅವರದು ಬೆಂಚು, ಮೇಜು, ಗ್ರಾಮಾಫೋನು. ನನ್ನ ಊಟದ ಮನೆಯಲ್ಲಿ ಚಾಪೆ, ಮುದ್ದೆ, ಸೊಪ್ಪಿನ ಸಾರು. ಮಡಿಕೇರಿಗೆ ಹೋಗುವವರು, ಮೈಸೂರಿಗೆ ಹೋಗುವವರು ಎಲ್ಲ ಹಾಡು ಕೇಳಿಕೊಂಡು ಅಲ್ಲೇ ಕೂತರು. ನಿಮ್ಮಪ್ಪ ಹಚ್ಚಿಟ್ಟು ಹೋದ ಒಲೆ ನನ್ನ ಕೈಯಲ್ಲಿ ಆರಿಹೋಗುತ್ತದೆ ಎಂದು ಎಷ್ಟು ಸಲ ಅಂದುಕೊಂಡೆನೋ. ಅದೇ ಹೊತ್ತಿಗೆ ಪಿರಿಯಾಪಟ್ಟಣದಿಂದ ನಿನ್ನ ಚಿಕ್ಕಪ್ಪ ಬಂದ. "ಈ ವಯಸ್ನಲ್ಲಿ ಯಾಕ್ ಒದ್ದಾಡ್ತೀರಿ ಅತ್ಗೆ, ಒಲೆ ಆರ್ಸ್‌ಬುಟ್ಟು ನಮ್ಮನೇಗ್ ಬಂದ್ಬುಡಿ. ನಮ್ಮನೇಲಿ ಒಂದ್ ತುತ್ತಿಗೇನ್ ಬರವಾ?" ಅಂದ. ಆ ತುತ್ತು ನನಗೆ ಗೊತ್ತಿಲ್ಲದ್ದೇ? ಕೋಳಿ ಕೂಗುವಾಗ ಎದ್ದು ಅವರ ಮನೆಮಂದಿಗೆಲ್ಲ ಬೇಯಿಸಿ ಹಾಕಿ, ತಳ ಕೆರೆದದ್ದನ್ನು ನಾನು ತಿಂದು, ಅದಕ್ಕೂ ಅವನ ಹೆಂಡತಿಯ ಮುಖ ನೋಡಬೇಕು. ಅವನು ಹೇಳಿದ್ದು ಪ್ರೀತಿಯಿಂದಲೇ ಇರಬಹುದು. ಆದರೂ ಅವನು ಹೋದ ಮೇಲೆ ನನಗೆ ಅನ್ನ ಸೇರಲಿಲ್ಲ.

ಆಗ ತಂಬಾಕಿನ ಕಂಪನಿಯವರು ಊರಾಚೆ ದೊಡ್ಡ ದೊಡ್ಡ ಉಗ್ರಾಣ ಕಟ್ಟಿಸತೊಡಗಿದರು. ಗುಮಾಸ್ತರು, ಎಲೆ ವಿಂಗಡಿಸುವವರು, ತೂಕದವರು, ಎಲ್ಲರಿಗೂ ವರ್ಷವಿಡೀ ಊಟ ಬೇಕು. ಅವರ ಏಜೆಂಟರು ಕೂಟದವರು. ಅಂದಮೇಲೆ ಊಟದ ಮಣೆಯ ಮೇಲೆ ಯಾರು ಕೂತಿರುತ್ತಾರೋ ಅವರಿಗೇ ಆ ಕೆಲಸ. ಹೊಸ ಹೋಟೆಲಿನವನೂ ಆ ಮಣೆಗೆ ಕಣ್ಣು ಹಾಕಿದ್ದ. ಮಣೆ ಸಿಕ್ಕರೆ ನನ್ನ ಒಲೆ ಉಳಿಯಿತು, ಇಲ್ಲದಿದ್ದರೆ ಪಿರಿಯಾಪಟ್ಟಣ. ಇಷ್ಟೇ ಲೆಕ್ಕ.

ಹೋಗಿ ಕೇಳಿದೆ. ಹೆಂಗಸು ಕೂಟದಲ್ಲಿ ಕೂರುವುದುಂಟೇ ಎಂದು ಒಬ್ಬರು ಕೆಮ್ಮಿದರು, ಇನ್ನೊಬ್ಬರು ಮಾಡು ನೋಡಿದರು. ಶೆಟ್ಟರಂತೂ "ಅಮ್ಮಾ, ನಿಮ್ಮ ಕಡೆಯಿಂದ ಯಾರಾದ್ರೂ ಗಂಡಸ್ರು ಬಂದು ಕೂತ್ಕೊಂಡ್ರೆ ನಮಗೇನೂ ಅಡ್ಡಿ ಇಲ್ಲ" ಎಂದು ಬಹಳ ಮರ್ಯಾದೆಯಿಂದ ಹೇಳಿದರು. ನನ್ನ ಕಡೆಯ ಗಂಡಸರು ಕೈಲಾಸದಲ್ಲಿದ್ದಾರೆ, ಕರೆದುಕೊಂಡು ಬರುತ್ತೀರಾ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಆಗ ಎದ್ದು ನಿಂತವರು ಬೆಟ್ಟಸ್ವಾಮಿಯವರು. ಗಾಡಿ ಕಾರ್ಖಾನೆಯ ಯಜಮಾನರು. ಅವರ ಆಳುಗಳೆಲ್ಲ ನಮ್ಮಲ್ಲೇ ಉಣ್ಣುವವರು. "ಈ ಯಮ್ಮನ ಕೈ ಮುದ್ದೆ ಉಂಡೇ ಕಣ್ರೀ ನನ್ ಕಾರ್ಖಾನೇಲಿ ಉಳಿ ಸುತ್ತಿಗೆ ಆಡ್ತಾ ಇರೋದು. ಗಂಡಸ್ರಂತೆ, ಎಂಗಸ್ರಂತೆ! ಅಸಿವ್ಗೆ ಅದೆಲ್ಲ ಗೊತ್ತಾದದಾ? ನಾನ್ ಒಣೆ ನಿಂತ್ಕತೀನಿ. ಯಾರ್ಗಾರಾ ಅಡ್ಡ ಅದಾ?" ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದರು. ಯಾರಿಗೂ ಅಡ್ಡವಿರಲಿಲ್ಲ.

ಗೌರಿ, ಆ ದಿನ ನಾನು ಆ ಮಣೆಯ ಮೇಲೆ ಕೂತೆ. ನಿಮ್ಮಪ್ಪ ಹೋದಮೇಲೆ ನನ್ನ ಪರವಾಗಿ ಒಬ್ಬರು ಎದ್ದು ನಿಂತು ಮಾತಾಡಿದ್ದು ಅದೇ ಮೊದಲು. ಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಪಾತ್ರೆ ತೊಳೆಯುತ್ತಿದ್ದ ನಮ್ಮ ಕೆಲಸದ ಚಿಕ್ಕಬೀರಮ್ಮ ಯಾರೋ ಸತ್ತಿದ್ದಾರೆಂದು ತಿಳಿದು ತಾನೂ ಅಳುವುದಕ್ಕೆ ಶುರುಮಾಡಿದಳು.

ಹೊಣೆ ಎಂದರೆ ಏನೆಂದು ನಿನಗೆ ಹೇಳಿಬಿಡುತ್ತೇನೆ. ಹೊಸಬರು ಒಂದು ವರ್ಷದವರೆಗೆ ಹೊಣೆ ನಿಂತವರ ಮಾತಿನ ಮೇಲೆ ಕೂತಿರುತ್ತಾರೆ. ಅವರು ನನ್ನ ಹೊಣೆ ತೀರಿತು ಎಂದರೆ ಅಲ್ಲಿಗೆ ಮಣೆ ಎತ್ತಿದರು ಎಂದೇ ಅರ್ಥ. ಇನ್ನೊಂದು ಕಟ್ಟು ಇದೆ. ಕೂಟದವರ ಸರಕಿನ ಮೇಲೆ ದೂರಿದ್ದರೆ ಕೂಟದಲ್ಲೇ ಎದ್ದು ಹೇಳಬೇಕು, ಹೊರಗೆ ಉಸಿರೆತ್ತಬಾರದು. ಎತ್ತಿದವರಿಗೂ ಮಣೆಯಿಲ್ಲ. ಈ ಕಾಗದ ಬರೆಯುವಾಗಲೇ ನಾನು ಆ ಕಟ್ಟನ್ನು ಮುರಿದಿದ್ದೇನೆ.

ನಿನ್ನ ಮಾವ ಶಿವನಂಜಪ್ಪನವರು ಸಂಕ್ರಾಂತಿಯ ಮುಂಚೆ ಇಲ್ಲಿಗೆ ಬಂದಿದ್ದರಲ್ಲ, ಆಗ ಊಟಕ್ಕೆ ಕೂತವರು ಕೇಳಿದರು. "ಬೀಗಿತ್ತೀರೇ, ಈ ಪ್ಯಾಟೇಲಿ ಎಲ್ಲಾ ನಿಮ್ಗೆ ಗೊತ್ತು. ಮೊಮ್ಮಗಾನ ಒತ್ಕೊಂಡ್ ಬರಾಕೆ ಒಂದ್ ಒಳ್ಳೆ ಗಾಡಿ ಬೇಕು. ಯಾರತ್ರ ಓಗ್ಲಿ?" ನನಗೆ ಎಷ್ಟು ಹೆಮ್ಮೆಯಾಯಿತು ಅಂತೀಯ! ಬೆಟ್ಟಸ್ವಾಮಿಯವರ ಋಣ ತೀರಿಸುವುದಕ್ಕೆ ದೇವರೇ ಬೀಗರನ್ನು ಕಳಿಸಿದ್ದಾನೆ ಎಂದುಕೊಂಡೆ. ಅವರ ಎಲೆಗೆ ಇನ್ನೊಂದು ಮುದ್ದೆ ಹಾಕಿ, ಅವರನ್ನು ಕಾರ್ಖಾನೆಯ ಬಾಗಿಲವರೆಗೂ ನಾನೇ ಕರೆದುಕೊಂಡು ಹೋದೆ. ಮುಂದಿನ ಕೂಟದಲ್ಲಿ ಎದ್ದು ನಿಂತು "ನನ್ನ ಬೀಗರನ್ನೇ ಕಳಿಸಿದ್ದೇನೆ" ಎಂದೆ. ಭಲೇ ಎಂದರು. ನಿನ್ನ ಮಾವನವರು ಆ ಗಾಡಿಯನ್ನು ಬಣ್ಣ ಬಳಿಸಿ ಮನೆಯ ಮುಂದೆ ಬಿಸಿಲಿನಲ್ಲಿ ನಿಲ್ಲಿಸಿದ್ದಾರೆ, ಮೊದಲ ಸವಾರಿ ಸೊಸೆಯದೇ ಆಗಬೇಕೆಂದು ಯಾರನ್ನೂ ಹತ್ತಿಸುತ್ತಿಲ್ಲ ಎಂದು ನೀನೇ ಹೋದ ತಿಂಗಳು ನಗುತ್ತ ಬರೆದಿದ್ದೆ.

ಈಗ ಒಲೆಯ ವಿಷಯಕ್ಕೆ ಬರುತ್ತೇನೆ. ಕೂಟಕ್ಕೆ ಸೇರಿದ ಮೇಲೆ ಬೆಟ್ಟಸ್ವಾಮಿಯವರು ಕಾರ್ಖಾನೆಯಲ್ಲಿ ಕೆತ್ತಿ ಬಿದ್ದ ಚಕ್ಕೆಗಳನ್ನು ನಮ್ಮ ಒಲೆಗೆ ಕಳಿಸುತ್ತಾರೆ. ಬೀಗರ ಗಾಡಿ ಹೋದ ಕೆಲವು ದಿನಕ್ಕೆ, ಆ ಗಾಡಿಗೇ ಕೆತ್ತಿದ್ದು ಎಂದು ಹೇಳಿ ಅವರ ಆಳು ಹಾಕಿಹೋಗಿದ್ದ ಹೊರೆಯನ್ನು ಒಲೆಗೆ ಹಾಕಿದೆವು. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎನ್ನುತ್ತಾರೆ, ನಮ್ಮ ಒಲೆಯಲ್ಲಿ ಬೆಂಕಿಯೇ ಇಲ್ಲ, ಬರೀ ಹೊಗೆ. ಉಣ್ಣುವವರು ಕಣ್ಣು ಒರೆಸಿಕೊಂಡು ಎದ್ದು ಹೋದರು. ಚಿಕ್ಕಬೀರಮ್ಮ ಊದಿ ಊದಿ ಸುಸ್ತಾಗಿ, "ಇದೇನ್ರವ್ವಾ, ಈ ಸೌದೆ ಅಳ್ತಾ ಅದಲ್ಲಾ!" ಎಂದು ಕೂಗಿದಳು. ನೋಡಿದರೆ ಚಕ್ಕೆಯ ತುದಿಯಲ್ಲಿ ನೀರು ಬುಸುಗುಟ್ಟಿ ನೊರೆ ಬರುತ್ತಿದೆ.

ಇಬ್ಬನಿಗೆ ನೆನೆದಿರಬೇಕು ಎಂದೆ. ಬಿಸಿಲಿಗೆ ಹರವಿಸಿದೆ. ಎರಡು ಬಿಸಿಲು ಕಾದಮೇಲೆ ಹೋಗಿ ನೋಡಿದರೆ ಚಕ್ಕೆಗಳು ಸೊಟ್ಟಗಾಗಿ ನಡುವೆ ಬಿರುಕು ಬಿಟ್ಟಿದ್ದವು. ಒಂದು ದಪ್ಪ ತುಂಡನ್ನು ಈಳಿಗೆಮಣೆಗೆ ಕೊಟ್ಟು ಕೆರೆದೆ. ಸಿಪ್ಪೆಯ ಕೆಳಗೆ ಹಸಿರು ಹಾಗೇ ಇತ್ತು. ಹುಟ್ಟಿದಾಗಿನಿಂದ ಒಲೆ ಊದಿದವಳು ನಾನು, ಹಸಿ ಮರ ಯಾವುದು, ಒಣಗಿದ್ದು ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಮರವನ್ನು ಈ ಮಳೆಗಾಲ ಕಳೆದ ಮೇಲೆ ಕಡಿದದ್ದು. ಚಕ್ಕೆ ಬಿಸಿಲಿಗೆ ಏನಾಯಿತೋ ಗಾಲಿಯೂ ಅದೇ ಆಗುತ್ತದೆ. ಮರ ಒಣಗಿ ಕುಗ್ಗಿದರೆ ಕಡ್ಡಿಗಳು ಸಡಿಲವಾಗುತ್ತವೆ, ಕಬ್ಬಿಣದ ಪಟ್ಟಿ ಕಳಚಿಕೊಳ್ಳುತ್ತದೆ. ನಿಂತ ಗಾಡಿಗೆ ಏನೂ ಗೊತ್ತಾಗುವುದಿಲ್ಲ. ಹಳ್ಳದ ಇಳಿಜಾರಿನಲ್ಲಿ, ಎತ್ತು ಓಡುವಾಗ, ಒಳಗೆ ಏಳು ತುಂಬಿದ ಬಸುರಿ ಕೂತಿರುವಾಗ ಗೊತ್ತಾಗುತ್ತದೆ.

ಆದರೂ ಮನಸ್ಸು ಎಷ್ಟು ಕಳ್ಳ ನೋಡು. ಚಕ್ಕೆ ಹಸಿಯಾದರೆ ಗಾಲಿಯೂ ಹಸಿಯೇ ಆಗಬೇಕೇ, ಅದು ಬರೀ ಕಮಾನಿನದೋ ಹಲಗೆಯದೋ ಇರಬಹುದು ಎಂದುಕೊಂಡು ಇನ್ನೂ ನಾಲ್ಕು ದಿನ ತಳ್ಳಿದೆ. ಕಾರ್ಖಾನೆಯಲ್ಲಿ ಗಾಲಿ ಕೂರಿಸುವ ಅಂಕಯ್ಯ ಊಟಕ್ಕೆ ಬಂದಾಗ, ಸಾರು ಬಡಿಸುತ್ತ ಮೆಲ್ಲಗೆ ಕೇಳಿದೆ. ಅವನು ತಲೆಯೆತ್ತಲಿಲ್ಲ. "ನನ್ ಕೇಳ್‌ಬ್ಯಾಡಿ ಕಣ್ರವ್ವಾ, ನಾನು ಕೂಲಿಯವ. ಯಜಮಾನ್ರು ಕೊಟ್ ಮರಾನ ಕೆತ್ತದಷ್ಟೇಯ" ಎಂದು, ಅರ್ಧ ಮುದ್ದೆಯನ್ನು ಎಲೆಯಲ್ಲೇ ಬಿಟ್ಟು ಎದ್ದ. ಅಂಕಯ್ಯ ಎಲೆಯಲ್ಲಿ ಅನ್ನದ ಅಗುಳು ಬಿಡುವವನಲ್ಲ.

ಬೆಟ್ಟಸ್ವಾಮಿಯವರ ಬಳಿಗೇ ಹೋದೆ. ಹೊಸ ಗಾಲಿಗಳನ್ನು ಸಾಲಾಗಿ ಗೋಡೆಗೆ ಒರಗಿಸಿದ್ದರು. ಚಕ್ಕೆ ಹತ್ತುತ್ತಿಲ್ಲ, ಬರೀ ಹೊಗೆ ಎಂದೆ. ಅಷ್ಟೇ ಅಂದದ್ದು. ಅವರು ಒಂದು ಗಾಲಿಯನ್ನು ಸರಿಯಾಗಿ ಒರಗಿಸಿಟ್ಟರು. "ಒಗೆ ಬಂದ್ರೆ ಬಾಗ್ಲು ತಗದಿಡಿ ಅಮ್ಮಾ. ಒಲೆ ನಿಮ್ದು, ಗಾಲಿ ನಮ್ದು" ಎಂದರು. ನಾನು ಗಾಲಿಯ ಮಾತನ್ನೇ ಎತ್ತಿರಲಿಲ್ಲ, ಗೌರಿ. ಆಮೇಲೆ ಅವರೇ ಸ್ವಲ್ಪ ತಣ್ಣಗಾಗಿ ಹೇಳಿಕೊಂಡರು. ಡಿಪೋದಲ್ಲಿ ಹಳೇ ಮರ ಸಿಗಲಿಲ್ಲವಂತೆ. ಕೂಟ ಶುರುವಾದಮೇಲೆ ಎಲ್ಲ ಕಡೆಯಿಂದಲೂ ಗಿರಾಕಿಗಳು ಬಂದು ಬಿದ್ದರಂತೆ. ಕಳಿಸಿದವರ ಮುಖ ಉಳಿಸಬೇಕಲ್ಲ, ಇಲ್ಲ ಅನ್ನುವುದು ಹೇಗೆ ಎಂದು ಒಪ್ಪಿಕೊಂಡರಂತೆ. "ಒಂದ್ ಮಳೆಗಾಲ ಕಳದ್ರೆ ಅದೇ ಬಿಗಿ ಆಯ್ತದೆ ಬುಡಿ" ಎಂದರು. ಹೊರಡುವಾಗ, "ಅಂದಂಗೆ ತಂಬಾಕ್ನೋರ ಊಟದ್ ಮಾತು ಈ ಕೂಟದಲ್ಲೇ ತೀರ್ಮಾನ ಆಯ್ತದೆ. ನಾನೂ ಏಜೆಂಟ್ರಿಗೆ ಏಳಿವ್ನಿ" ಎಂದು ಸೇರಿಸಿದರು. ಬೆದರಿಕೆ ಹಾಕುವ ದನಿಯಲ್ಲಿ ಅಂದಿದ್ದರೆ ಜಗಳವಾಡಬಹುದಿತ್ತು, ಅವರು ನಗುತ್ತಲೇ ಅಂದರು.

ಕೆಟ್ಟವರೆಂದು ಬರೆಯಲು ನನ್ನ ಕೈ ಬರುವುದಿಲ್ಲ. ನನಗೆ ಯಾರೂ ದಿಕ್ಕಿಲ್ಲದಾಗ ನಿಂತವರು. ಉಂಡ ಮನೆಯ ಜಂತೆ ಎಣಿಸಬಾರದು ಎಂದು ಹೇಳಿ ನಿನ್ನನ್ನು ಬೆಳೆಸಿದವಳು ನಾನು. ಹಾಗೆಂದು ನನ್ನ ಮಗಳನ್ನೇ ಆ ಗಾಲಿಯ ಮೇಲೆ ಕೂರಿಸಲೇ? ಬಿಸಿತುಪ್ಪವಾಗಿದೆ, ನುಂಗಲೂ ಆಗದು, ಉಗುಳಲೂ ಆಗದು.

ಮಾವನವರಿಗೇ ನೇರವಾಗಿ ಹೇಳಬಾರದೇಕೆ ಅನ್ನುತ್ತೀಯ. ನಿನ್ನ ಮಾವ ಒಳ್ಳೆಯವರು, ಆದರೆ ಅವರ ಗುಟ್ಟಿನ ಮಾತು ಪಿರಿಯಾಪಟ್ಟಣದವರೆಗೆ ಕೇಳಿಸುತ್ತದೆ. ಕೇಳಿದ ಗಳಿಗೆಯಲ್ಲೇ ಎತ್ತು ಕಟ್ಟಿಸಿ ಕಾರ್ಖಾನೆಯ ಮುಂದೆ ಬಂದು, ಬೀಗಿತ್ತಿ ಹಿಂಗಂದರು, ನಿಮ್ಮ ಗಾಲಿ ಹಸಿಯಂತೆ ಎಂದು ಕೂಗಾಡುತ್ತಾರೆ. ಕೂಟದ ಹೊರಗೆ ದೂರಿದವಳೆಂದು ಅಂದೇ ನನ್ನ ಮಣೆ ಎತ್ತುತ್ತಾರೆ, ಊಟದ ಕೆಲಸ ಗ್ರಾಮಾಫೋನಿನವನ ಪಾಲಾಗುತ್ತದೆ. ಆಮೇಲೆ ನೀನು ಬಾಣಂತನಕ್ಕೆ ಬರುವುದು ಯಾರ ಮನೆಗೆ? ನಿನ್ನ ಚಿಕ್ಕಪ್ಪನ ಮನೆಯ ಹಿಂದಿನ ಕೋಣೆಗೆ. ಅಲ್ಲಿ ನಿನಗೆ ನೀರು ಕಾಯಿಸಬೇಕೆಂದರೂ ನಾನು ಅಪ್ಪಣೆ ಕೇಳಬೇಕು.

ಹಾಗಾಗಿ ನಾನು ತೀರ್ಮಾನ ಮಾಡಿದ್ದೇನೆ. ನಾಳೆ ಕೂಟವಿದೆ. ಹೇಳಬೇಕಾದ ಜಾಗದಲ್ಲೇ ಹೇಳುತ್ತೇನೆ. ನನ್ನ ಸರದಿ ಬಂದಾಗ ಎದ್ದು ನಿಂತು, ಆ ಸೊಟ್ಟ ಚಕ್ಕೆಯನ್ನು ಎಲ್ಲರ ನಡುವೆ ಇಡುತ್ತೇನೆ. ನಾನು ಕಳಿಸಿದ ಗಿರಾಕಿಗೆ ಹಸಿ ಮರದ ಗಾಲಿ ಕೊಟ್ಟಿದ್ದೀರಿ, ಬೇರೆ ಗಾಲಿ ಕೂರಿಸಿಕೊಡಿ, ನಿಮ್ಮನ್ನು ನಂಬಿ ನಾವೆಲ್ಲ ಕಳಿಸಿದವರಿಗೂ ಕೂರಿಸಿಕೊಡಿ ಎನ್ನುತ್ತೇನೆ. ಬೆಟ್ಟಸ್ವಾಮಿಯವರು ಹೊಣೆ ಕಿತ್ತುಕೊಂಡರೆ ಕಿತ್ತುಕೊಳ್ಳಲಿ. ಗುಮಾಸ್ತರ ಊಟ ಹೋದರೆ ಹೋಗಲಿ. ನಾನೇನು ಯಾರ ಹಂಗಿನಲ್ಲೂ ಹುಟ್ಟಿದವಳಲ್ಲ. ನಮ್ಮಪ್ಪ ಕೂಲಿಮಠದಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ಅಯ್ಯನವರು, ಅಮಲ್ದಾರರ ಎದುರಿಗೂ ಸುಳ್ಳನ್ನು ಸುಳ್ಳು ಎಂದವರು. ನನ್ನ ಬಾಯಿಯ ವಿಷಯ ನಿನಗೆ ನಾನು ಹೇಳಬೇಕೇ? ನಿನ್ನ ಮದುವೆಯಲ್ಲಿ ಗಂಡಿನ ಕಡೆಯವರು ಹಪ್ಪಳ ಸಾಲದು ಎಂದಾಗ ಚಪ್ಪರವನ್ನೇ ನಡುಗಿಸಿದವಳು. ಆ ಬಾಯಿ ಎಲ್ಲೂ ಹೋಗಿಲ್ಲ.

ಈ ಗಾಡಿಯ ಸಂಗತಿ ನಿನ್ನ ಗಂಡನಿಗೂ ಗುರುವಾರದವರೆಗೆ ತಿಳಿಯುವುದು ಬೇಡ. ಆಮೇಲೆ ಹೇಗೂ ಎಲ್ಲರಿಗೂ ಗೊತ್ತಾಗುತ್ತದೆ.

ಇನ್ನು ಅತ್ತೆಯವರಿಗೆ ಓದುವ ಭಾಗ. ನಾವೆಲ್ಲ ನಂಜುಂಡೇಶ್ವರನ ದಯದಿಂದ ಸುಖವಾಗಿದ್ದೇವೆ, ನೀವೂ ಹಾಗೇ ಇದ್ದೀರೆಂದು ನಂಬಿದ್ದೇನೆ. ಚಿಕ್ಕಬೀರಮ್ಮನ ಕೈಯಲ್ಲಿ ಬಯಕೆಯ ತಿಂಡಿ ಕಳಿಸಿದ್ದೇನೆ. ಚಿಗಳಿ ಮಂಗಳಗೌರಿಗೆ, ಕೋಡುಬಳೆ ಬೀಗರಿಗೆ, ನಿಪ್ಪಟ್ಟು ಯಾರ ಕೈಗೆ ಮೊದಲು ಸಿಗುತ್ತದೋ ಅವರಿಗೆ. ಬಾಣಂತಿ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಹೊರಸಿನ ಹಗ್ಗ ಬಿಗಿಸಿದ್ದೇನೆ. ಖಾರದ ಪುಡಿ, ಬೆಳ್ಳುಳ್ಳಿ, ಹಳೇ ತುಪ್ಪ ಎಲ್ಲ ಹೊಂದಿಸಿಟ್ಟಿದ್ದೇನೆ. ಸೂಲಗಿತ್ತಿ ಮಾಯಮ್ಮ ಬಂದು ಕೋಣೆ ನೋಡಿಕೊಂಡು ಹೋಗಿದ್ದಾಳೆ. ಬೀಗರಿಗೂ ಬೀಗಿತ್ತಿಯವರಿಗೂ ನನ್ನ ಶರಣು ಹೇಳು. ಮಗಳೇ, ನೀನು ಬರುವ ದಾರಿಯನ್ನೇ ನೋಡುತ್ತಿರುತ್ತೇನೆ.

ನಿನ್ನನ್ನು ಹೆತ್ತವಳು,
ವೀರಮ್ಮ

ತಾ.ಕ.: ಮಂಗಳವಾರ. ಈ ಹಾಳೆಯನ್ನು ಯಾರ ಮುಂದೆಯೂ ಓದಬೇಡ. ಬಸ್ಸು ಹೊರಡುವುದಕ್ಕೆ ಇನ್ನೂ ಹೊತ್ತಿದೆ, ಚಿಕ್ಕಬೀರಮ್ಮ ಗಂಟು ಹಿಡಿದುಕೊಂಡು ಜಗಲಿಯಲ್ಲಿ ಕೂತಿದ್ದಾಳೆ. ನಾನು ಕೂಟ ಮುಗಿಸಿಕೊಂಡು ಈಗ ಬಂದೆ.

ಚಕ್ಕೆಯನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಹೋಗಿದ್ದೆ. ನನಗಿಂತ ಮೊದಲು ತಂಬಾಕಿನ ಏಜೆಂಟರು ಎದ್ದು, ಗುಮಾಸ್ತರ ಊಟವೆಲ್ಲ ಇನ್ನುಮೇಲೆ ವೀರಮ್ಮನವರದೇ ಎಂದರು. ಎಲ್ಲರೂ ನನ್ನ ಕಡೆ ತಿರುಗಿ ಒಳ್ಳೆಯದಾಯಿತಮ್ಮಾ ಎಂದರು. ಬೆಟ್ಟಸ್ವಾಮಿಯವರು ನೆಲ ನೋಡುತ್ತ ಕೂತಿದ್ದರು. ಆಮೇಲೆ ಜವಳಿ ಶೆಟ್ಟರು ಎದ್ದರು. ಕಟ್ಟೆಮಳಲವಾಡಿಯ ಗೌಡರೊಬ್ಬರು ಮಗಳ ಮದುವೆಯ ಬಟ್ಟೆಗೆ ಬಂದಿದ್ದರಂತೆ. ಹೆಣ್ಣಿಗೆ ಬಳುವಳಿಯಾಗಿ ಕೊಡಲು ಗಾಡಿಯೂ ಬೇಕೆಂದರಂತೆ. ಶೆಟ್ಟರು ಬೆಟ್ಟಸ್ವಾಮಿಯವರ ಬಳಿಗೆ ಕಳಿಸಿದರಂತೆ, ಗಾಡಿ ನಿನ್ನೆಯೇ ಊರು ಸೇರಿತಂತೆ. ಎಲ್ಲರೂ ಭಲೇ ಎಂದರು.

ನನ್ನ ಸರದಿ ಬಂತು. ಎದ್ದು ನಿಂತೆ, ಗೌರಿ. ಸೆರಗಿನ ಗಂಟಿನ ಮೇಲೆ ಕೈಯಿಟ್ಟುಕೊಂಡೇ ನಿಂತೆ. ಕಳಿಸಿದ ಬೀಗರು ಏನೆಂದರು ಎಂದು ಶೆಟ್ಟರು ಕೇಳಿದರು. ನನಗೆ ಪಿರಿಯಾಪಟ್ಟಣದ ಆ ಹಿಂದಿನ ಕೋಣೆ ಕಣ್ಣಿಗೆ ಕಟ್ಟಿತು. "ಗಾಡಿ ಚೆನ್ನಾಗಿದೆ ಅಂದ್ರು" ಎಂದು ಹೇಳಿ ಕೂತುಬಿಟ್ಟೆ. ಬೆಟ್ಟಸ್ವಾಮಿಯವರು ಆಗ ತಲೆಯೆತ್ತಿ ನನ್ನನ್ನು ನೋಡಿದರು. ಅವರ ಕಣ್ಣಲ್ಲಿ ಸಂತೋಷವೇನೂ ಇರಲಿಲ್ಲ.

ನೀನು ಬಸ್ಸಿನಲ್ಲೇ ಬಾ. ನನ್ನ ಮೇಲೆ ಆಣೆ, ಆ ಗಾಡಿ ಹತ್ತಬೇಡ. ನಿನ್ನ ಮಾವನವರ ಮನೆಯಲ್ಲಿ ಇನ್ನು ಯಾರನ್ನೂ ಹತ್ತಿಸದಂತೆ ಏನಾದರೂ ದಾರಿ ನೀನು ಬಂದಮೇಲೆ ಇಬ್ಬರೂ ಯೋಚಿಸೋಣ. ನಿನಗೆ ಕಾಗದ ಬರೆದು ಎಚ್ಚರಿಸುವುದಕ್ಕೆ ನಾನಿದ್ದೇನೆ.

ಕಟ್ಟೆಮಳಲವಾಡಿಯ ಆ ಮದುವೆ ಹೆಣ್ಣಿನ ಹೆಸರನ್ನು ಶೆಟ್ಟರು ಹೇಳಲಿಲ್ಲ. ಕೇಳುವುದಕ್ಕೆ ನನಗೂ ಬಾಯಿ ಬರಲಿಲ್ಲ.